ರಾಣಿ ರೂಪಾಯಿಯ ಗೀರು

ನಮ್ಮ ಮನೆಯವರ ಕೈ ನೋಡಿದ ಯಾರೂ ಅವರು ಬೆಳ್ಳಿ ನಾಣ್ಯ ಕೂಡಿಸುವ ಮನುಷ್ಯ ಎಂದು ಹೇಳುತ್ತಿರಲಿಲ್ಲ. ಬ್ಯಾಡಗಿ ಮಾರುಕಟ್ಟೆಯಲ್ಲಿ ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಸುಗ್ಗಿಯಲ್ಲಿ ದಿನವಿಡೀ ಚೀಲದೊಳಗೆ ಕೈ ಹಾಕಿ, ಹಿಡಿಗಟ್ಟಲೆ ಕಾಯಿ ಎತ್ತಿ, ಒಂದನ್ನು ಮುರಿದು, ಇನ್ನೊಂದನ್ನು ಮೂಸಿ, ಮಾಲು ಒಣಗಿದೆಯೋ ಇಲ್ಲವೋ ಹೇಳುವುದೇ ಅವರ ಕೆಲಸ. ಎಷ್ಟು ಸಾಬೂನು ಹಚ್ಚಿದರೂ ಬೆರಳ ಸಂದಿಯ ಕೆಂಪು ಹೋಗುತ್ತಿರಲಿಲ್ಲ. ನಾನು ಹಾವೇರಿಯವಳು. ದೂರದ ಊರೇನಲ್ಲ, ಆದರೂ ಮದುವೆಯಾಗಿ ಬಂದ ಮೇಲೆ ಆ ಘಾಟಿಗೆ ವರ್ಷಗಟ್ಟಲೆ ಸೀನಿದ್ದೇನೆ.

ಅಂಥ ಒರಟು ಕೈಗಳು ಊಟ ಮುಗಿದ ಮೇಲೆ ಬ್ರಿಟಿಷರ ಕಾಲದ, ರಾಣಿಯ ಮುಖವಿರುವ ಹಳೆಯ ರೂಪಾಯಿ ಹಿಡಿದರೆ ಬೇರೆಯವರ ಕೈಗಳೇ ಆಗಿಬಿಡುತ್ತಿದ್ದವು. ಕೆಳಗೆ ಮೆತ್ತನೆಯ ಬಟ್ಟೆ ಹಾಸಿಕೊಂಡು, ಎರಡು ಬೆರಳ ತುದಿಯಿಂದ ಅಂಚನ್ನಷ್ಟೇ ಹಿಡಿದು, ಟೇಬಲ್ ದೀಪದ ಕೆಳಗೆ ಅದನ್ನು ಮೆಲ್ಲಗೆ ವಾಲಿಸಿ ಭೂತಗನ್ನಡಿಯಲ್ಲಿ ನೋಡುವರು.

"ನನ್ನ ಕೈ ಒಂದ ದಿನಾನೂ ಹಂಗ ಹಿಡದಿಲ್ಲ ನೀವು" ಎಂದು ನಾನು ಚುಚ್ಚುತ್ತಿದ್ದೆ.

"ನಿನ್ನ ಕೈಗೆ ಗೀರು ಬಿದ್ರ ಮಾಯತೈತಿ, ಇದಕ್ಕ ಬಿದ್ರ ಮಾಯೂದಿಲ್ಲ" ಎನ್ನುವರು, ತಲೆ ಎತ್ತದೆಯೇ.

ನಮ್ಮೂರ ಮೆಣಸಿನಕಾಯಿಗೆ ಸುಕ್ಕೇ ಅಂದ. ಮೈತುಂಬ ಸುಕ್ಕು ಬಿದ್ದ ಕಾಯಿ ಕಂಡರೆ ಖರೀದಿಗೆ ಬಂದವರ ಕಣ್ಣು ಅಲ್ಲೇ ನಿಲ್ಲುತ್ತದೆ. ಅಂಗಡಿಯಲ್ಲಿ ದಿನವೆಲ್ಲ ಸುಕ್ಕನ್ನು ಹೊಗಳಿ ಬಂದ ಮನುಷ್ಯ ಮನೆಯಲ್ಲಿ ಕೂದಲೆಳೆಯಷ್ಟು ಗೆರೆಗೆ ಗೋಳಾಡುವುದು ನೋಡಿ ನನಗೆ ನಗು ತಡೆಯುತ್ತಿರಲಿಲ್ಲ. ಆದರೆ ಹತ್ತಿರ ಕೂತು ನೋಡುತ್ತ ನೋಡುತ್ತ ನನಗೂ ಅದರ ರುಚಿ ಹತ್ತಿತು. ಮಕ್ಕಳಿಲ್ಲದ ಮನೆಯಲ್ಲಿ ಗಂಡ ಹೆಂಡಿರಿಗೆ ಸಂಜೆ ಕಳೆಯಲು ಏನಾದರೊಂದು ಬೇಕಲ್ಲ.

ಈ ವಿದ್ಯೆಯಲ್ಲಿ ನಮಗೆ ಗುರು ಎಂದರೆ ರಾಣೆಬೆನ್ನೂರಿನ ಹಿರಿಯರೊಬ್ಬರು. ಕುಮಾರಪಟ್ಟಣದ ಕಾರ್ಖಾನೆಯಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಮಾರುಕಟ್ಟೆಗೆ ಸೂಟಿ ಇದ್ದ ದಿನ ನಾವಿಬ್ಬರೂ ಬಸ್ಸು ಹಿಡಿದು ಅವರ ಮನೆಗೆ ಹೋಗುತ್ತಿದ್ದೆವು. ಚಹಾ ಕುಡಿದು, ಚುರುಮುರಿ ತಿಂದು, ಕೈ ತೊಳೆದು ಒರೆಸಿಕೊಂಡ ಮೇಲೆಯೇ ಅವರು ಕಪಾಟು ತೆಗೆಯುವುದು. ಹೊರದೇಶದಲ್ಲಿ ನಾಣ್ಯಗಳಿಗೆ ಪರೀಕ್ಷೆ ಮಾಡಿ ನಂಬರು ಕೊಡುವ ಸಂಸ್ಥೆಗಳಿವೆ ಎಂಬುದನ್ನು ನಾನು ಮೊದಲು ಕೇಳಿದ್ದು ಅವರ ಬಾಯಿಂದ. ಎಪ್ಪತ್ತಕ್ಕೆ ನಂಬರು. ಟಂಕಸಾಲೆಯಿಂದ ಈಗಷ್ಟೇ ಬಿದ್ದಂತಿದ್ದರೆ ಎಪ್ಪತ್ತು, ಸವೆದು ಮುಖವೇ ಕಾಣದಂತಾಗಿದ್ದರೆ ಒಂದೋ ಎರಡೋ. ನಂಬರು ಬರೆದ ಚೀಟಿಯ ಜೊತೆಗೆ ನಾಣ್ಯವನ್ನು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ಮುಚ್ಚಿಬಿಡುತ್ತಾರೆ. ಆಮೇಲೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ.

"ಎಸೆಸೆಲ್ಸಿ ಪರೀಕ್ಷಾ ಇದ್ದಂಗಾತಲ್ರೀ" ಎಂದೆ ನಾನು.

ಹಿರಿಯರು ನಕ್ಕರು. "ಅದಕ್ಕಿಂತಾ ಕಠಿಣ ಐತಿ ತಂಗಿ. ಇಲ್ಲಿ ಸವಕಳಿ ಬ್ಯಾರೆ, ಗೀರು ಬ್ಯಾರೆ. ಕೈಯಿಂದ ಕೈಗೆ ತಿರಗಿ ತಿರಗಿ ರಾಣಿ ಮೂಗು ಸವದ್ರ ಅದಕ್ಕ ಯಾರೂ ತಪ್ಪ ಹೇಳೂದಿಲ್ಲ. ನಂಬರು ಕಡಿಮಿ ಕೊಡ್ತಾರ, ಅಷ್ಟ. ಗೀರು ಅಂದ್ರ ಗಾಯ. ಅದು ಆಳ ಇತ್ತಂದ್ರ ನಂಬರ್ರ ಕೊಡೂದಿಲ್ಲ. ಅಸಲಿ ಐತಿ, ಗೀರು ಬಿದ್ದೈತಿ ಅಂತ ಬರದ ಕಳಸ್ತಾರ."

ಗೀರು ಎಲ್ಲಿ ಬಿದ್ದಿದೆ ಎನ್ನುವುದೂ ಮುಖ್ಯವಂತೆ. ರಾಣಿಯ ಜಡೆಯ ಎಳೆಗಳ ನಡುವೆ ಬಿದ್ದರೆ ಅಡಗಿಹೋಗುತ್ತದೆ, ಕ್ಷಮೆ ಉಂಟು. ಕೆನ್ನೆಯ ಮೇಲೆ ಬಿದ್ದರೆ ಎದ್ದು ಕಾಣುತ್ತದೆ. ಮುಖದ ಸುತ್ತಲಿನ ಬಯಲು ಜಾಗದಲ್ಲಿ ಬಿದ್ದರೆ ಮುಗಿಯಿತು. ಹಳೆಯ ಗೀರು ಉಳಿದ ಬೆಳ್ಳಿಯ ಜೊತೆಗೆ ತಾನೂ ಕಪ್ಪಾಗಿರುತ್ತದೆ, ಅದಕ್ಕೆ ಸ್ವಲ್ಪ ದಯೆ ತೋರಿಸುವುದುಂಟು. ಎಲ್ಲಕ್ಕಿಂತ ಕೆಟ್ಟದ್ದು ತಿಕ್ಕಿ ತೊಳೆದ ನಾಣ್ಯ. ಬರಿಗಣ್ಣಿಗೆ ಥಳಥಳ ಹೊಳೆಯುತ್ತಿರುತ್ತದೆ, ದೀಪದ ಕೆಳಗೆ ವಾಲಿಸಿದರೆ ಮೈಯೆಲ್ಲ ಸಣ್ಣ ಸಣ್ಣ ಗೆರೆ. ಇದನ್ನೆಲ್ಲ ಕೇಳಿಕೊಂಡು ಬಂದು ನಮ್ಮ ಮನೆಯವರು ಬಸ್ಸಿನಲ್ಲಿ ಬ್ಯಾಡಗಿಯವರೆಗೂ ನನಗೆ ಮತ್ತೊಮ್ಮೆ ಹೇಳಿದರು.

ಅವರ ಮನಸ್ಸಿನಲ್ಲಿ ಇದ್ದದ್ದು ಒಂದೇ ನಾಣ್ಯ ಎಂಬುದು ನನಗೆ ಗೊತ್ತಿತ್ತು. ಅದು ಅವರ ಸಂಗ್ರಹದ್ದಲ್ಲ, ಮನೆಯದು. ನಮ್ಮ ಅತ್ತೆಯ ಹತ್ತಿರ, ದೇವರ ಜಗಲಿಯ ಮೇಲಿನ ಬೆಳ್ಳಿ ಬಟ್ಟಲಲ್ಲಿ ಇರುತ್ತಿದ್ದ ರಾಣಿ ಛಾಪಿನ ರೂಪಾಯಿ. ಮನೆಯಲ್ಲಿ ಕೂಸು ಹುಟ್ಟಿದಾಗ ಆ ರೂಪಾಯಿ ಕೆಳಗಿಳಿಯುತ್ತಿತ್ತು. ಮನೆಯ ಹಿರಿಯ ಹೆಣ್ಣುಮಗಳು ಸಾಣೆಕಲ್ಲಿನ ಮೇಲೆ ಎರಡು ಹನಿ ಜೇನುತುಪ್ಪ ಹಾಕಿ, ಬಜೆ ಬೇರನ್ನು ಒಂದೆರಡು ಸುತ್ತು ತೇಯ್ದು, ಆಮೇಲೆ ರೂಪಾಯಿಯ ಅಂಚನ್ನು ಅದೇ ಜಾಗದಲ್ಲಿ ತೇಯಬೇಕು. ಬೆರಳಿಗೆ ಅಂಟಿದಷ್ಟನ್ನು ಕೂಸಿಗೆ ನೆಕ್ಕಿಸಬೇಕು. ಮಾತು ಸ್ಪಷ್ಟ ಬರುತ್ತದೆ, ಮೈ ಗಟ್ಟಿಯಾಗುತ್ತದೆ ಎಂದು ನಂಬಿಕೆ. ನಮ್ಮವರಿಗೂ, ಮೈದುನನಿಗೂ, ಅವರಪ್ಪನಿಗೂ ಅದೇ ರೂಪಾಯಿ. ಹೀಗೆ ತೇಯ್ದು ತೇಯ್ದು ಒಂದು ಕಡೆಯ ಅಂಚು ಚಪ್ಪಟೆಯಾಗಿತ್ತು. ಮೈದುನನ ಎರಡನೆಯ ಮಗುವಿಗೆ ತೇಯುವಾಗ ಜೇನು ಹನಿಸಿದವಳು ನಾನೇ. ಹನಿಸಿ ಅಡುಗೆಮನೆಗೆ ಬಂದು ಸುಮ್ಮನೆ ನಿಂತದ್ದು ನೆನಪಿದೆ. ಯಾರೂ ನನಗೆ ಏನೂ ಅಂದಿರಲಿಲ್ಲ.

ಒಮ್ಮೆ ರಾಣೆಬೆನ್ನೂರಿನ ಹಿರಿಯರು ನಮ್ಮ ಮನೆಗೆ ಊಟಕ್ಕೆ ಬಂದಾಗ ಅತ್ತೆಯೇ ಆ ರೂಪಾಯಿ ತಂದು ತೋರಿಸಿದರು. ಹಿರಿಯರು ಭೂತಗನ್ನಡಿ ಹಿಡಿದವರು ಬಹಳ ಹೊತ್ತು ಇಳಿಸಲೇ ಇಲ್ಲ. ಆ ವರ್ಷದ, ಆ ಟಂಕಸಾಲೆಯ ರೂಪಾಯಿ ಸುಲಭಕ್ಕೆ ಸಿಗುವುದಿಲ್ಲವಂತೆ. ಮುಖವೂ ಹೆಚ್ಚು ಸವೆದಿಲ್ಲ. ಅಂಚು ಚಪ್ಪಟೆಯಾಗಿದೆ, ಅದಿರಲಿ. ಆದರೆ ರಾಣಿಯ ಕತ್ತಿನ ಹಿಂದೆ, ಬಯಲು ಜಾಗದಲ್ಲಿ, ಉಗುರಿಗೆ ಸಿಗುವಷ್ಟು ಆಳದ ಒಂದು ಗೀರು.

"ಯಾವ ಪುಣ್ಯಾತ್ಮ ಹಿಂಗ ಗೀರ್ಯಾನೋ!" ಎಂದರು ಹಿರಿಯರು.

"ನಂದೂ ಅದ ದುಃಖ ನೋಡ್ರಿ. ಇದೊಂದು ಇರದಿದ್ರ!" ಎಂದು ನಮ್ಮವರು ಹಣೆ ಬಡಿದುಕೊಂಡರು. ಅತ್ತೆ ಅಷ್ಟರಲ್ಲಿ ಹೋಳಿಗೆ ತರಲು ಒಳಗೆ ಹೋಗಿದ್ದರು.

ಗೀರು ಹಳೆಯದು, ಕಪ್ಪಾಗಿದೆ, ಪರೀಕ್ಷೆ ಮಾಡುವವರು ಕಣ್ಣು ಮುಚ್ಚಿಕೊಂಡು ನಂಬರು ಕೊಟ್ಟರೂ ಕೊಡಬಹುದು ಎಂದು ಹಿರಿಯರು ಹೇಳಿದ್ದೇ ತಡ, ನಮ್ಮವರಿಗೆ ನಿದ್ದೆ ಬರಲಿಲ್ಲ. ಮಾರುವ ಮಾತೇ ಇರಲಿಲ್ಲ. ನಮ್ಮ ಮನೆಯ ರೂಪಾಯಿ ಹೊರದೇಶಕ್ಕೆ ಹೋಗಿ ಪಾಸಾಗಿ ಬರಬೇಕು ಎಂಬ ಹಟ ಅಷ್ಟೇ. ಹಿರಿಯರಿಗೆ ಗೊತ್ತಿದ್ದ ಮುಂಬೈಯ ವ್ಯಾಪಾರಿಯೊಬ್ಬರು ಹತ್ತಾರು ಜನರ ನಾಣ್ಯ ಕೂಡಿಸಿ ಒಟ್ಟಿಗೆ ಕಳಿಸುತ್ತಿದ್ದರು. ಆಗ ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು.

ಆ ಹೊತ್ತಿಗೆ ನಾವು ಇನ್ನೊಂದು ಕೆಲಸವನ್ನೂ ಮಾಡಿದ್ದೆವು. ಹಾವೇರಿಗೆ ಹೋಗಿ ದತ್ತು ಮಗುವಿಗಾಗಿ ಹೆಸರು ಬರೆಸಿ ಬಂದಿದ್ದೆವು. ಎರಡು ಮೂರು ವರ್ಷ ಕಾಯಬೇಕಾದೀತು ಎಂದು ಅಲ್ಲಿ ಹೇಳಿದ್ದರು. ಮನೆಗೆ ಬಂದು ಅತ್ತೆಗೆ ತಿಳಿಸಿದಾಗ ಅವರು ಕೈಯಲ್ಲಿದ್ದ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಲೇ, "ನಿಮ್ಮ ಮನಸ್ಸಿಗೆ ಬಂದಂಗ ಮಾಡ್ರಿ" ಎಂದಿದ್ದರು. ಆ ಮಾತನ್ನು ನಾನು ಹೇಗೆ ತಿರುಗಿಸಿ ನೋಡಿದರೂ ಅದರಲ್ಲಿ ಹೂಂ ಇದೆಯೋ ಉಹೂಂ ಇದೆಯೋ ತಿಳಿಯಲಿಲ್ಲ.

ಮಗ ರೂಪಾಯಿ ಕೇಳಿದ ದಿನ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಎರಡನೆಯ ಮಾತಿಲ್ಲದೆ ಒಪ್ಪಿಬಿಟ್ಟರು.

"ಒಯ್ಯಿ. ಇನ್ನ ಯಾರಿಗೆ ಬೇಕಾಗೈತಿ ಅದು" ಎಂದರು.

ರೊಟ್ಟಿಯ ಮೇಲೆ ನನ್ನ ಕೈ ನಿಂತಿತು. ಇನ್ನು ಯಾರಿಗೆ ಬೇಕಾಗಿದೆ! ಹಾವೇರಿಯಿಂದ ಬರಲಿರುವ ಕೂಸು ಈ ಮನೆಯ ಕೂಸಲ್ಲ ಎಂದಂತಾಯಿತಲ್ಲ? ನನಗೆ ಸಿಟ್ಟು ಬಂದರೆ ಬಾಯಿ ಬರುವುದಿಲ್ಲ, ಕೈ ಬರುತ್ತದೆ. ಆ ದಿನದ ರೊಟ್ಟಿಗಳು ಕಾಗದದಂತೆ ತೆಳ್ಳಗಾದವು. ನಮ್ಮವರು ಬಹಳ ಚಲೋ ಆಗ್ಯಾವ ಎಂದು ಎರಡು ಹೆಚ್ಚಿಗೆ ತಿಂದರು.

ಮರುದಿನ ರೂಪಾಯಿ ಕಟ್ಟಿಕೊಂಡು ರಾಣೆಬೆನ್ನೂರಿಗೆ ಹೊರಡಬೇಕು. ನಮ್ಮವರು ಹತ್ತಿ, ಮೆತ್ತನೆಯ ಬಟ್ಟೆ, ಸಣ್ಣ ಡಬ್ಬಿ ಎಲ್ಲ ಸಜ್ಜು ಮಾಡಿಕೊಂಡು ಜಗಲಿಯ ಮುಂದೆ ನಿಂತು, "ಅವ್ವಾ, ರೂಪಾಯಿ" ಎಂದರು. ಹಿತ್ತಲಿನಿಂದ ಅತ್ತೆ ಬಂದರು. ಕೈ ಚಾಚಿದರು. ಅಂಗೈಯಲ್ಲಿ ರೂಪಾಯಿ ಈಗ ತಾನೇ ಹೊಸದಾಗಿ ಮಾಡಿಸಿ ತಂದ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಹುಣಸೆಹಣ್ಣು, ಒಲೆಯ ಬೂದಿ, ತೆಂಗಿನ ನಾರು, ಮೂರೂ ಸೇರಿ ಎರಡೂ ಮಗ್ಗುಲು ತಿಕ್ಕಿದ್ದರು.

ನಮ್ಮವರ ಮುಖ ನೋಡುವ ಹಾಗಿತ್ತು. ಮಾರುಕಟ್ಟೆಯಲ್ಲಿ ಚೀಲಗಟ್ಟಲೆ ಮಾಲು ಮಳೆಗೆ ತೊಯ್ದಾಗಲೂ ಆ ಮುಖ ಹಾಗೆ ಆಗಿರಲಿಲ್ಲ.

"ಅವ್ವಾ, ಏನ್ ಮಾಡಿದೀ!"

"ಏನ್ ಮಾಡಿದ್ನಿ? ಮಂದಿ ಮನಿಗೆ ಹೊಂಟೈತಿ. ಮಸಿ ಹಿಡದದ್ದು ಹಂಗ ಕಳಿಸಿದ್ರ ಇವರ ಮನ್ಯಾಗ ಹೆಣಮಕ್ಕಳ ಇಲ್ಲೇನು ಅಂತಾರ."

ಹಬ್ಬಕ್ಕೆ ದೇವರ ಸಾಮಾನು ತಿಕ್ಕುವ ಮನೆಯಲ್ಲಿ ಹುಟ್ಟಿ ಬೆಳೆದ ಯಾವ ಹೆಂಗಸೂ ಮಾಡುತ್ತಿದ್ದದ್ದು ಅದನ್ನೇ. ನನ್ನನ್ನು ಕೇಳಿದ್ದರೂ ಮೊದಲಿನ ವರ್ಷಗಳಲ್ಲಿ ನಾನೂ ಅದನ್ನೇ ಮಾಡುತ್ತಿದ್ದೆ. ಅಮ್ಮನ ಮೇಲೆ ಒಂದು ಮಾತೂ ಏರಿಸದೆ ನಮ್ಮವರು ರೂಪಾಯಿಯನ್ನು ಹತ್ತಿಯಲ್ಲಿ ಸುತ್ತಿದರು. ಹಿಂದಿನ ದಿನದ ಸಿಟ್ಟಿನಲ್ಲಿದ್ದರೂ ನನಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗಬೇಕಾಯಿತು.

ರಾಣೆಬೆನ್ನೂರಿನ ಹಿರಿಯರು ದೀಪದ ಕೆಳಗೆ ನಾಣ್ಯ ವಾಲಿಸಿ ನೋಡಿ ಕನ್ನಡಕ ತೆಗೆದಿಟ್ಟರು. ಮೈತುಂಬ ನಾರಿನ ಗೆರೆ. ಅದೂ ಸಾಲದೆಂದು, ಕತ್ತಿನ ಹಿಂದಿನ ಹಳೆಯ ಗೀರಿನೊಳಗಿನ ಕಪ್ಪೂ ಹೋಗಿ ಅದು ನಿನ್ನೆ ಬಿದ್ದದ್ದರಂತೆ ಬೆಳ್ಳಗೆ ಬಾಯಿ ತೆರೆದಿತ್ತು.

"ಸಾವಕಾರ್ರ, ಕಳಸೂದೇನೋ ಕಳಸೂಣು. ಅಸಲಿ ಅಂತಾದ್ರೂ ಬರದ ಕೊಡ್ತಾರ" ಎಂದರು. ಆಮೇಲೆ ತಮ್ಮಷ್ಟಕ್ಕೆ ತಾವೇ ನಕ್ಕು, "ನಮ್ಮವ್ವನೂ ಹಿಂಗ ಮಾಡ್ತಿದ್ಲು" ಎಂದರು. ರೂಪಾಯಿ ಮುಂಬೈ ದಾರಿ ಹಿಡಿಯಿತು.

ಅದು ಹೋಗಿ ಇನ್ನೂ ಬಹಳ ದಿನ ಆಗಿರಲಿಲ್ಲ, ಹಾವೇರಿಯಿಂದ ಫೋನು ಬಂತು. ವರ್ಷಗಟ್ಟಲೆ ಕಾಯಬೇಕು ಎಂದಿದ್ದವರು ನಾಳೆಯೇ ಬನ್ನಿ ಎಂದರು. ಒಂದು ಹೆಣ್ಣುಮಗು. ಹಾಲು ಹಲ್ಲು ಬಂದಿವೆ, ಹಿಡಿದುಕೊಂಡು ನಿಲ್ಲುತ್ತಾಳೆ. ನಾವು ಹೋದಾಗ ಆಕೆ ಒಂದು ಸ್ಟೀಲಿನ ಲೋಟವನ್ನು ನೆಲಕ್ಕೆ ಕುಟ್ಟುತ್ತ ಕುಳಿತಿದ್ದಳು. ನನ್ನನ್ನು ನೋಡಿ ಕುಟ್ಟುವುದು ನಿಲ್ಲಿಸಿದಳು, ಮತ್ತೆ ಶುರು ಮಾಡಿದಳು. ಕಾಗದಪತ್ರ ಎಲ್ಲ ಮುಗಿದು ಅವಳನ್ನು ಎತ್ತಿಕೊಂಡು ಹೊರಗೆ ಬಂದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ನಮ್ಮವರು ಅವಳಿಗೆ ಏಲಕ್ಕಿ ಮಾಲೆ ಕೊಡಿಸಿದರು. ಅಷ್ಟು ದೊಡ್ಡ ಮಾಲೆಯನ್ನು ಅಷ್ಟು ಸಣ್ಣ ಕೊರಳಿಗೆ ಹಾಕಿಕೊಂಡು ಆಕೆ ಬ್ಯಾಡಗಿಯವರೆಗೂ ಅದನ್ನು ಜಗ್ಗುತ್ತ ಬಂದಳು.

ಬಾಗಿಲಲ್ಲಿ ಅತ್ತೆ ಆರತಿ ಮಾಡಿದರು. ದೃಷ್ಟಿ ತೆಗೆದರು. ಎತ್ತಿಕೊಂಡರು. ಮರುದಿನ ಮೊಣಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ ಎರೆದರು. ಅನ್ನ ಹಿಚುಕಿ ತುಪ್ಪ ಹಾಕಿ ಉಣಿಸಿದರು. ಊಟದ ಹೊತ್ತಿಗೆ ಆಕೆ ನನ್ನನ್ನು ಬಿಟ್ಟು ಅವರ ಕಡೆಗೇ ತೆವಳತೊಡಗಿದಳು. ನಾನು ಹಿಂದಿನದನ್ನೆಲ್ಲ ಮರೆತುಬಿಡಬೇಕಿತ್ತು. ಆದರೆ ಎರಡು ಸಂಗತಿ ಮರೆಯಗೊಡಲಿಲ್ಲ.

ಒಂದು, ಅತ್ತೆ ಅವಳನ್ನು ದೇವರ ಜಗಲಿಯ ಮುಂದೆ ಒಯ್ಯುತ್ತಿರಲಿಲ್ಲ. ಬೇರೆ ಊರಲ್ಲಿರುವ ಮೈದುನನ ಮಕ್ಕಳು ಬಂದಾಗಲೆಲ್ಲ ಅವರನ್ನು ದಿನವೂ ಮುಂಜಾನೆ ಮಡಿಲಲ್ಲಿ ಕೂರಿಸಿಕೊಂಡು, ಹಣೆಗೆ ವಿಭೂತಿ ಹಚ್ಚಿ, ದೀಪಕ್ಕೆ ಕೈ ಮುಗಿಸಿದವರು ಅವರೇ. ನಮ್ಮ ಮಗಳು ಗಂಟೆಯ ಸದ್ದು ಕೇಳಿ ಅತ್ತ ತೆವಳಿದರೆ, "ತಗೊಂಡ ಹೋಗ ಇಕಿನ್ನ" ಎಂದು ನನ್ನನ್ನು ಕರೆಯುವರು. ಇನ್ನೊಂದು, ದಿನ ಸಂಜೆ ಮಗ ಅಂಗಡಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಅವರು ಕೇಳುವ ಪ್ರಶ್ನೆ.

"ರೂಪಾಯಿ ಬಂತೇನೋ?"

"ಇನ್ನೂ ಇಲ್ಲವಾ. ಅದು ಸಮುದ್ರ ದಾಟಿ ಹೋಗಿ ಬರಬೇಕು."

"ಲಗೂ ಕಳಸಂತ ಹೇಳು ಅವರಿಗೆ."

ತಾವಾಗಿ ಕೊಟ್ಟ ರೂಪಾಯಿ, ಯಾರಿಗೂ ಬೇಡವಾದ ರೂಪಾಯಿ, ಅದಕ್ಕೆ ಈಗ ಇಷ್ಟು ಹಂಬಲ! ಮನೆಗೆ ಬಂದ ಕೂಸು ಹಳೆಯದಾಯಿತು, ಮನೆ ಬಿಟ್ಟು ಹೋದ ರೂಪಾಯಿಯ ಚಿಂತೆ ಹೋಗಲಿಲ್ಲ. ನಾನು ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದೆ. ಒಂದು ದಿನ ತಡೆಯಲಾರದೆ ನಮ್ಮವರಿಗೆ ಹೇಳಿಯೇಬಿಟ್ಟೆ. "ಇಕಿ ಈ ಮನಿ ಕೂಸ ಅಂತ ಅತ್ತಿಗೆ ಅನಸೇ ಇಲ್ಲ. ಬಂದ ಬೀಗರ ಮಕ್ಕಳಿಗೆ ಮಾಡಿದಂಗ ಮಾಡಾಕತ್ತಾರ."

"ಹಂಗೇನಿಲ್ಲ, ಬಿಡ" ಎಂದರು. ಆದರೆ ಅವರ ದನಿಯೂ ಗಟ್ಟಿಯಿರಲಿಲ್ಲ. ಜಗಲಿಯ ವಿಷಯ ಅವರೂ ನೋಡಿದ್ದರು. ಹೆತ್ತ ತಾಯಿಯನ್ನು ಹೇಗೆ ಕೇಳುವುದು ಎಂದು ಅವರಿಗೂ ತಿಳಿದಿರಲಿಲ್ಲ. ನನಗಂತೂ ಆಗ ಬೇರೆ ಏನೂ ಬೇಕಿರಲಿಲ್ಲ. ಮಗಳು ಆ ಜಗಲಿಯ ಮುಂದೆ, ಅವರ ಮಡಿಲಲ್ಲಿ, ಒಮ್ಮೆ ಕೂತರೆ ಸಾಕಿತ್ತು.

ರೂಪಾಯಿ ಬಂದದ್ದು ಸುಗ್ಗಿಯ ಹೊತ್ತಿನಲ್ಲಿ. ನಮ್ಮವರು ರಾಣೆಬೆನ್ನೂರಿಗೆ ಹೋಗಿ ಮಧ್ಯಾಹ್ನ ಇಳಿಯುವ ಹೊತ್ತಿಗೆ ಮರಳಿದರು. ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಘಾಟು ತಾಗಬಾರದೆಂದು ನಾನು ಮಗಳನ್ನು ದೂರ, ಕಿಟಕಿಯ ಹತ್ತಿರ ಆಡಿಸುತ್ತಿದ್ದೆ. ಅವರು ಚೀಲದಿಂದ ಅಂಗೈಯಗಲದ ಪ್ಲಾಸ್ಟಿಕ್ ಪೆಟ್ಟಿಗೆ ತೆಗೆದು ತಾಯಿಯ ಮುಂದೆ ಹಿಡಿದರು. ಅದರ ನಡುವೆ ರಾಣಿ, ಮೇಲೆ ಒಂದು ಚೀಟಿ.

"ಪಾಸಾತೇನು?" ಎಂದರು ಅತ್ತೆ.

"ಇಲ್ಲವಾ. ಅಸಲಿ ಅಂತ ಒಪ್ಪ್ಯಾರ. ಗೀರು ಐತಿ ಅಂತ ನಂಬರು ಕೊಟ್ಟಿಲ್ಲ."

"ನಾ ತಿಕ್ಕಿದ್ದಕ್ಕ?"

"ಅದನ್ನೂ ಬರದಾರ. ಆದ್ರ ಖರೇ ಕೆಡಸಿದ್ದು ಇದು ನೋಡು" ಎಂದು ನಮ್ಮವರು ಪ್ಲಾಸ್ಟಿಕ್ಕಿನ ಮೇಲೆ ಬೆರಳಿಟ್ಟು ಕತ್ತಿನ ಹಿಂದಿನ ಗೀರು ತೋರಿಸಿದರು. "ಯಾರು ಮಾಡಿದ್ರೋ ಏನೋ. ಇಡೀ ರೂಪಾಯಿ ಹಾಳ ಮಾಡಿಟ್ಟಾರ."

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. "ಅದಾ? ಅದು ನಿಂದ."

ನಮ್ಮವರಿಗೆ ಅರ್ಥವಾಗಲಿಲ್ಲ. ಅತ್ತೆ ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ಹೇಳಿದರು. ಎಂಟು ತಿಂಗಳು ತುಂಬಿತ್ತಂತೆ. ನಾಳೆ ನಾಡಿದ್ದು ತವರಿಗೆ ಹೋಗಬೇಕು ಎನ್ನುವಾಗ ಈ ಮನೆಯಲ್ಲೇ ನೋವು ಬಂತು. ಹುಟ್ಟಿದ ಕೂಸು ಅಳಲಿಲ್ಲ. ಮೈ ನೀಲಿಯಾಗಿತ್ತು. ಸೂಲಗಿತ್ತಿ ಕಾಲು ಹಿಡಿದು ಬೆನ್ನು ಬಡಿಯುತ್ತಿದ್ದರೆ, ಅವರ ಅತ್ತೆ ಬೇರೇನೂ ತೋಚದೆ ಜಗಲಿಯಿಂದ ರೂಪಾಯಿ ತಂದು ತೇಯಲು ಕೂತರು.

"ಆಕಿ ಕೈ ಥರಥರಾ ನಡಗಾಕತ್ತಿತ್ತು. ರೂಪಾಯಿ ಜಾರಿ ಸಾಣಿಕಲ್ಲಿನ ಮೂಲಿಗೆ ಕರ್ ಅಂತ ಉಜ್ಜಿತು. ಆ ಸಪ್ಪಳಾ ನಾ ಮಲಕೊಂಡಲ್ಲೇ ಕೇಳಿದ್ನಿ. ಅದರ ಹಿಂದಿಂದ ನೀ ಅಳಾಕ ಸುರು ಮಾಡಿದಿ." ಅತ್ತೆ ಮತ್ತೆ ಪೆಟ್ಟಿಗೆಯನ್ನು ನೋಡಿದರು. "ಅದಕ್ಕ ನಂಬರು ಕಡದಾರೇನು?"

ನಮ್ಮವರು ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ತಾಯಿಯ ಪಕ್ಕದಲ್ಲಿ, ಮೆಣಸಿನಕಾಯಿಯ ರಾಶಿಯ ಅಂಚಿಗೆ ಕೂತುಬಿಟ್ಟರು. ಅಷ್ಟು ವರ್ಷ ಭೂತಗನ್ನಡಿ ಹಿಡಿದು ಶಪಿಸಿದ ಗೀರನ್ನು ಹೆಬ್ಬೆರಳಿನಿಂದ ಪ್ಲಾಸ್ಟಿಕ್ಕಿನ ಮೇಲೆಯೇ ಸವರುತ್ತಿದ್ದರು. ಅವರ ಕಣ್ಣು ತುಂಬಿದ್ದು ಘಾಟಿಗಲ್ಲ ಎಂದು ನನಗೆ ತಿಳಿಯಿತು.

"ಈಗ ತಗಿ ಅದನ್ನ ಹೊರಗ" ಎಂದರು ಅತ್ತೆ.

"ಇದನ್ನ ತಗಿಯಾಕ ಬರೂದಿಲ್ಲವಾ. ಒಡದ್ರ ಈ ಚೀಟಿಗೆ ಕಿಮ್ಮತ್ತಿಲ್ಲ. ಅಸಲಿ ಅಂತ ಕೊಟ್ಟದ್ದೂ ಹೋಕ್ಕೈತಿ."

"ಚೀಟಿ ನೀ ಇಟಗೊ. ನನಗ ರೂಪಾಯಿ ಬೇಕು. ಕೂಸು ಬಂದು ಎಷ್ಟ ದಿನಾ ಆತು, ರೂಪಾಯಿ ನೆಕ್ಕಿಸದ ಜಗಲಿ ಮುಂದ ಹೆಂಗ ಒಯ್ಯಲಿ? ದಿನಾ ನಿನ್ನ ಕೇಳಾಕತ್ತೇನಿ ಬಂತೇನು, ಬಂತೇನು ಅಂತ."

ನಾನು ಕಿಟಕಿಯ ಹತ್ತಿರ ನಿಂತಲ್ಲೇ ನಿಂತೆ. ಇಷ್ಟು ದಿನ ನುಂಗಿಕೊಂಡದ್ದೆಲ್ಲ ಒಮ್ಮೆಲೇ ಬಾಯಿಗೆ ಬಂತು.

"ಅತ್ತಿ, ಇದಕ್ಕ ಕಾಯಾಕತ್ತಿದ್ರೇನ್ರಿ ನೀವು? ಮನ್ಯಾಗ ಬ್ಯಾರೆ ಬೆಳ್ಳಿ ರೂಪಾಯಿ ಇರಲಿಲ್ಲೇನ್ರಿ? ಇವರ ಪೆಟಗಿ ತುಂಬ ಅದಾವಲ್ರಿ! ಒಂದ ಮಾತು ಹೇಳಬಾರದಿತ್ತೇನ್ರಿ?"

ಅತ್ತೆ ನನ್ನನ್ನು ನೋಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಬ್ಯಾರೆ ರೂಪಾಯಿ ತೇಯ್ದಿದ್ರ ನಾಳೆ ನೀನ ಕೇಳ್ತಿದ್ದಿ. ಎಲ್ಲಾ ಮಕ್ಕಳಿಗೂ ಅದು, ನನ್ನ ಮಗಳಿಗೆ ಮಾತ್ರ ಯಾಕ ಬ್ಯಾರೆ ಅಂತ. ದೊಡ್ಡಾಕಿ ಆದಮ್ಯಾಲೆ ಇಕೀನೂ ಕೇಳ್ತಿದ್ಲು. ಏನ್ ಹೇಳ್ಲಿ ನಾ?" ಮಡಿಲಿಗೆ ಬಿದ್ದ ತೊಟ್ಟು ಕೊಡವುತ್ತ, "ಎರಡ ಮೂರ ವರ್ಷ ಆಕ್ಕೈತಿ ಅಂದಿದ್ರಿ ನೀವು. ಅಷ್ಟರೊಳಗ ನಾ ಇರತೇನೋ ಇಲ್ಲೋ, ತೇಯಾವ್ರ ಯಾರು ಅಂತ ಕೊಟ್ಟಬಿಟ್ನಿ" ಎಂದರು.

ನನಗೆ ಅಳು ಬಂತು. ಬಚ್ಚಿಡಲು ಹೋಗಲಿಲ್ಲ. ಮಗಳು ನನ್ನ ಮುಖ ನೋಡಿ ತಾನೂ ತುಟಿ ಡೊಂಕು ಮಾಡಿದಳು.

"ಅಳೂದು ಆಮ್ಯಾಲೆ ಅಳ್ಳಿಯಂತ. ಹೋಗು, ಜಗಲಿ ಮುಂದ ದೀಪ ಹಚ್ಚು" ಎಂದು ಅತ್ತೆ ಎದ್ದರು. ಮೆಣಸಿನಕಾಯಿ ಮುರಿದ ಕೈಯನ್ನು ಸಾಬೂನಿನಿಂದ ತೊಳೆದರು. ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರು. ಮತ್ತೆ ತೊಳೆದರು. ಬೆರಳನ್ನು ತಮ್ಮ ನಾಲಿಗೆಗೆ ತಾಗಿಸಿ ನೋಡಿದರು. ಖಾರ ಉಳಿದಿದೆ ಎಂದು ಇನ್ನೊಮ್ಮೆ ಎಣ್ಣೆ ಹಚ್ಚಿದರು.

ನಮ್ಮವರು ಪಕ್ಕಡ ಹುಡುಕಿ ತಂದಿದ್ದರು. ನಾಣ್ಯಕ್ಕೆ ಉಸಿರು ತಾಗಿದರೂ ಮುಖ ಕಿವುಚುತ್ತಿದ್ದ ಮನುಷ್ಯ ಪೆಟ್ಟಿಗೆಯ ಮೂಲೆಯನ್ನು ಪಕ್ಕಡದಲ್ಲಿ ಕಚ್ಚಿಸಿ ಒತ್ತಿದರು. ಅದು ಜಗ್ಗಲಿಲ್ಲ. ಮತ್ತೆ ಒತ್ತಿದರು. ಕಟ್ ಎಂದು ಪ್ಲಾಸ್ಟಿಕ್ ಸೀಳಿ ರೂಪಾಯಿ ಅವರ ತೊಡೆಯ ಮೇಲೆ ಬಿತ್ತು, ಅಲ್ಲಿಂದ ನೆಲಕ್ಕೆ ಉರುಳಿತು. ಮಗಳಿಗೆ ಬಹಳ ಖುಷಿಯಾಯಿತು. ನಮ್ಮೆಲ್ಲರಿಗಿಂತ ಮೊದಲು ಆಕೆಯೇ ತೆವಳಿ ಹೋಗಿ ಅದನ್ನು ಮುಷ್ಟಿಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡಳು. ಅತ್ತೆ ನಗುತ್ತ ಬಿಡಿಸಿಕೊಂಡರು.

ದೀಪ ಹಚ್ಚಿದ್ದೆ. ಸಾಣೆಕಲ್ಲಿನ ಮೇಲೆ ಜೇನು ಹನಿಸಿದ್ದೆ. ಅತ್ತೆ ಜಗಲಿಯ ಮುಂದೆ ಚಕ್ಕಳಬಕ್ಕಳ ಹಾಕಿ ಕೂತು, ಎರಡೂ ಕೈ ಮುಂದೆ ಚಾಚಿ ಮಗಳನ್ನು ಕರೆದರು. ಮಡಿಲಲ್ಲಿ ಕೂರಿಸಿಕೊಂಡು, ಹಣೆಗೆ ವಿಭೂತಿ ಹಚ್ಚಿ, ಬಜೆ ತೇಯ್ದು, ರೂಪಾಯಿಯ ಅಂಚನ್ನು ಮೆಲ್ಲಗೆ, ಕಲ್ಲಿಗೆ ತಾಗಿತೋ ಇಲ್ಲವೋ ಎಂಬಂತೆ ಆಡಿಸತೊಡಗಿದರು. ಮಗನ ರೂಪಾಯಿಗೆ ಇನ್ನಷ್ಟು ಗಾಯ ಮಾಡುವುದು ಬೇಡವೆಂದು ಕೈ ಹಗುರ ಮಾಡಿದ್ದರು.

ಮಗಳ ಗಲ್ಲ ಹಿಡಿದು ಕೂತಿದ್ದ ನಮ್ಮವರು ಅದನ್ನು ನೋಡಿದರು.

"ಅವ್ವಾ, ಹಂಗಲ್ಲ. ಇನ್ನಷ್ಟ ಒತ್ತಿ ತಿಕ್ಕು" ಎಂದರು. "ಇಕಿದೂ ಗೀರು ಕಾಣಬೇಕು."

ಅತ್ತೆ ಒಂದು ಕೈಯಿಂದ ಮಗಳನ್ನು ಎದೆಗೆ ಅವುಚಿಕೊಂಡು, ಇನ್ನೊಂದು ಕೈಯ ಹೆಬ್ಬೆರಳಿನ ಮೇಲೆ ಮೈಭಾರವನ್ನೆಲ್ಲ ಹಾಕಿ ತೇಯ್ದರು.